ಮೂರು ಗಾಡಿ ಸೇರಿಸಿ ಒಂದು ಯೆಜ್ಡಿ ಕಟ್ಟಬಹುದೇ?

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇನ್ನೂ ರಸ್ತೆಯಲ್ಲಿವೆ. ಒಂದರ ಚಾಸಿಗೆ ಇನ್ನೊಂದರ ಎಂಜಿನ್, ಮತ್ತೊಂದರ ಟ್ಯಾಂಕು ಕೂರಿಸಿ ತಮಗೆ ಬೇಕಾದ ಹಾಗೆ ಗಾಡಿ ಕಟ್ಟಿಕೊಳ್ಳುವವರೂ ಇದ್ದಾರೆ. ಹೀಗೆ ಮಾಡುವುದು ಸರಿಯೇ? ಇಬ್ಬರು ಗೆಳೆಯರು ಎರಡು ಕಡೆಯಿಂದ ಬರೆದಿದ್ದಾರೆ.

ಪರ: ಗುಜರಿಗೆ ಹೋಗುವುದು ರಸ್ತೆಗೆ ಬರಲಿ

ನನ್ನ ಗಾಡಿಯ ಚಾಸಿ ನಂಜನಗೂಡಿನ ಹತ್ತಿರದ ಒಂದು ಹಳ್ಳಿಯದು. ಸೋದರಮಾವನ ಕೊಟ್ಟಿಗೆಯಲ್ಲಿ, ಹುಲ್ಲಿನ ಹೊರೆಗಳ ಹಿಂದೆ ಹದಿನೆಂಟು ವರ್ಷ ನಿಂತಿತ್ತು. 1986ರ ಯೆಜ್ಡಿ. ಆರ್‌ಸಿ ಇತ್ತು, ಎಂಜಿನ್ ಇರಲಿಲ್ಲ. ಬೋರ್ ಮಾಡಿಸಿ ತರ್ತೀನಿ ಅಂತ ಬಿಚ್ಚಿಕೊಂಡು ಹೋದ ಮೆಕ್ಯಾನಿಕ್ ಊರೇ ಬಿಟ್ಟಿದ್ದ. ಟ್ಯಾಂಕಿನ ತಳ ತುಕ್ಕು ಹಿಡಿದು ಉದುರಿ ಹೋಗಿತ್ತು. "ತೂಕಕ್ಕೆ ಹಾಕ್ತೀನಿ ಕಣೋ, ಬೇಕಾದ್ರೆ ನೀನೇ ತಗೊಂಡು ಹೋಗು" ಅಂದರು ಮಾವ. ಟೆಂಪೋದಲ್ಲಿ ಹಾಕಿಕೊಂಡು ಬಂದೆ.

ಎಂಜಿನ್ ಸಿಕ್ಕಿದ್ದು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ. ಟ್ಯಾಂಕು ಹಾಸನದ ಒಬ್ಬರ ಮನೆಯಲ್ಲಿತ್ತು, ಯೆಜ್ಡಿಯದೇ ಇನ್ನೊಂದು ಮಾಡೆಲ್ ರೋಡ್‌ಕಿಂಗ್ ಗಾಡಿಯದು. ಹಿಂದಿನ ಚಕ್ರ ಮಂಡ್ಯದಿಂದ ಬಂತು. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಮತ್ತು ಡಿಸ್ಕ್ ಬ್ರೇಕ್ ಮಾತ್ರ ಯೆಜ್ಡಿಯದಲ್ಲ, ಒಂದು ಹಳೆ ಪಲ್ಸರ್‌ದು. ಇಷ್ಟೂ ಸೇರಿ ಒಂದು ಗಾಡಿ ಆಗಲು ಎರಡೂವರೆ ವರ್ಷ ಹಿಡಿಯಿತು.

ಇದನ್ನು ನೋಡಿ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಒರಿಜಿನಲ್ ಅಲ್ಲ ಅನ್ನುತ್ತಾರೆ. ಅವರನ್ನು ಒಂದು ಮಾತು ಕೇಳುತ್ತೇನೆ. ದಿನಾ ಓಡುವ ಯೆಜ್ಡಿಗಳಲ್ಲಿ ಪೂರ್ತಿ ತನ್ನದೇ ಸಾಮಾನಿನ ಮೇಲೆ ಓಡುವುದು ಎಷ್ಟಿದ್ದಾವು? ಕಾರ್ಖಾನೆ ನಿಂತು ಇಷ್ಟು ವರ್ಷವಾಯಿತು. ಪಿಸ್ಟನ್, ಕ್ಲಚ್ ಪ್ಲೇಟ್, ಕೇಬಲ್ ಯಾವುದೇ ಆಗಲಿ, ಒಂದೋ ಈಚೆಗೆ ಯಾರೋ ಮಾಡಿದ ನಕಲು, ಇಲ್ಲವೇ ಇನ್ನೊಂದು ಗಾಡಿಯಿಂದ ಬಿಚ್ಚಿದ್ದು. ಬೆರಕೆ ಎಲ್ಲ ಗಾಡಿಯಲ್ಲೂ ಇದೆ. ನನ್ನದರಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ಜಾವಾ ಅನ್ನೋ ಹೆಸರೇ ಎರಡು ತುಂಡು ಸೇರಿ ಆದದ್ದು, ಅಲ್ವಾ? ಪ್ರಾಗ್ ನಗರದಲ್ಲಿ ಬಂದೂಕು ತಯಾರಿಸುತ್ತಿದ್ದ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡರು. ಅವರ ಹೆಸರಿನ ಮೊದಲ ಎರಡು ರೋಮನ್ ಅಕ್ಷರ Ja, ವಾಂಡರರ್‌ನ ಮೊದಲ ಎರಡು ಅಕ್ಷರ Wa ಸೇರಿ ಜಾವಾ ಆಯಿತು. ಆ ಗಾಡಿಯನ್ನು 1961ರಲ್ಲಿ ಮೈಸೂರಿನಲ್ಲಿ ಕಟ್ಟಲು ಶುರು ಮಾಡಿದವರು ಇರಾನಿ ಮನೆತನದವರು. ಆಮೇಲೆ ಬಂದ ಯೆಜ್ಡಿ ಅನ್ನುವ ಹೆಸರು ಇರಾನಿನ ಯಜ್ದ್ ಊರಿನದು. ಜೆಕ್ ದೇಶದ ಎಂಜಿನ್, ಇರಾನಿನ ಹೆಸರು, ಮೈಸೂರಿನ ಕೈಕೆಲಸ. ಇಂಥ ಗಾಡಿಯಲ್ಲಿ ಅಪ್ಪಟ ಯಾವುದು ಅಂತ ಹುಡುಕುವುದು ನನಗೆ ಅರ್ಥವಾಗುವುದಿಲ್ಲ.

ಹೀಗೆ ಕಟ್ಟುವುದು ನಮ್ಮಲ್ಲಿ ಮಾತ್ರ ಇರುವ ಚಾಳಿಯೂ ಅಲ್ಲ. ಇಂಗ್ಲೆಂಡಿನಲ್ಲಿ 1950ರ ದಶಕದ ಫಾರ್ಮುಲಾ 3 ಕಾರು ಓಟಗಾರರಿಗೆ ನಾರ್ಟನ್ ಮ್ಯಾಂಕ್ಸ್ ಬೈಕಿನ ಎಂಜಿನ್ ಬೇಕಿತ್ತು. ಪೂರ್ತಿ ಬೈಕ್ ಕೊಂಡು ಎಂಜಿನ್ ಮಾತ್ರ ಬಿಚ್ಚಿಕೊಳ್ಳುತ್ತಿದ್ದರು. ಚೆನ್ನಾಗಿರುವ ಚಾಸಿಗಳು ಸುಮ್ನೆ ಉಳಿಯುತ್ತಿದ್ದವು. ಅವಕ್ಕೆ ಟ್ರಯಂಫ್ ಎಂಜಿನ್ ಕೂರಿಸಿದಾಗ ಹುಟ್ಟಿದ್ದೇ ಟ್ರೈಟನ್. ಬೇಡವಾಗಿ ಬಿದ್ದಿದ್ದ ಸಾಮಾನಿನಿಂದ ಎದ್ದ ಗಾಡಿಯನ್ನು ಇವತ್ತು ಜನ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ.

ಇನ್ನು ಕಲಿಕೆಯ ವಿಷಯ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು.

ಎಂಜಿನ್ ಕೊಟ್ಟವರು ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡ) ಕೆಲಸ ಹೊಸದಾಗಿ ಆಗಿದೆ ಅಂದಿದ್ದರು. ನಂಬಿ ಕೂರಿಸಿದೆ. ಮೊದಲ ದಿನ ಹನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು. ಪಿಸ್ಟನ್ ಜಾಮ್ ಆಗಿತ್ತು. ಮೈಸೂರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆ. ಅವರು ಪಾನಾ ಮುಟ್ಟಲಿಲ್ಲ. "ನಿಲ್ಲೋಕೆ ಮುಂಚೆ ಹೊಗೆ ಹೆಂಗೆ ಬರ್ತಿತ್ತು, ಅದನ್ನ ಹೇಳಪ್ಪ" ಅಂದರು. ಹೊಗೆಯೇ ಇರಲಿಲ್ಲ, ಸದ್ದು ಮಾತ್ರ ಏರುತ್ತಾ ಹೋಯಿತು ಅಂದೆ. "ಡೈನಮೋ ಕಡೆ ಸೀಲ್ ನೋಡು ಹೋಗು" ಅಂದರು.

ಬಿಚ್ಚಿದರೆ ಅದೇ, ಕ್ರ್ಯಾಂಕಿನ ತುದಿಗೆ ಹಾಕುವ ರಬ್ಬರ್ ಬಳೆ ಹಾಳಾಗಿತ್ತು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಇರುವ ಗೂಡು ಕೂಡ ಉಸಿರಾಡುತ್ತದೆ. ಪೆಟ್ರೋಲು, ಎಣ್ಣೆ, ಗಾಳಿ ಮೊದಲು ಅಲ್ಲಿಗೆ ಬಂದು ಆಮೇಲೆ ಮೇಲೆ ಹೋಗುತ್ತವೆ. ಕ್ಲಚ್ ಕಡೆಯ ಸೀಲ್ ಹಾಳಾದರೆ ಗೇರ್ ಎಣ್ಣೆಯನ್ನು ಒಳಗೆ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ. ಡೈನಮೋ ಕಡೆಯದು ಹಾಳಾದರೆ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಜಾಸ್ತಿ, ಎಣ್ಣೆ ಕಡಿಮೆ. ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಇದನ್ನು ನಾನು ಎಲ್ಲೋ ಓದಿ ಮರೆತಿದ್ದೆ. ಗೀರು ಬಿದ್ದ ಪಿಸ್ಟನ್ ಕೈಯಲ್ಲಿ ಹಿಡಿದ ಮೇಲೆ ಮರೆತಿಲ್ಲ.

ಬೇರೆ ಬೇರೆ ಗಾಡಿಯ ಸಾಮಾನು ಒಂದಕ್ಕೊಂದು ಸುಲಭಕ್ಕೆ ಒಗ್ಗುವುದಿಲ್ಲ. ಅದಕ್ಕೇ ಅವು ಕಲಿಸುತ್ತವೆ. ಹಿಂದಿನ ಚಕ್ರದ ಹಲ್ಲುಚಕ್ರ ಗೇರ್ ಬಾಕ್ಸಿನ ಹಲ್ಲುಚಕ್ರದ ನೇರಕ್ಕೆ ಬರದಿದ್ದರೆ ಚೈನು ಒಂದು ಬದಿ ಸವೆಯುತ್ತದೆ. ದಾರ ಕಟ್ಟಿ ನೋಡಿ, ವಾಷರ್ ಹಾಕಿ ತೆಗೆದು, ನಾಲ್ಕು ದಿನ ಅದೇ ಕೆಲಸ ಮಾಡಿದೆ. ಪಲ್ಸರ್ ಫೋರ್ಕ್ ಯೆಜ್ಡಿ ಚಾಸಿಯ ತಲೆಯಲ್ಲಿ ಕೂರಲಿಲ್ಲ. ಲೇತಿನವರು ಅಳತೆ ತೆಗೆದು ಉಂಗುರ ಕಡೆದುಕೊಟ್ಟರು. ಕೋನ್ ಸೆಟ್ (ಹ್ಯಾಂಡಲ್ ತಿರುಗಲು ಬೇಕಾದ ಬೇರಿಂಗು) ಸರಿಯಾಗಿ ಕೂತಿದ್ದು ಆಮೇಲೆ.

ಫೋರ್ಕ್ ಯಾಕೆ ಬದಲಿಸಿದೆ? ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಇಳಿಯುವಾಗ ಆ ಹಳೆ ಡ್ರಮ್ ಬ್ರೇಕಿನ ಮೇಲೆ ನನಗೆ ಧೈರ್ಯ ಸಾಲಲಿಲ್ಲ. ಹಳೆ ಫೋರ್ಕನ್ನು ಮಾರಿಲ್ಲ, ತೆಗೆದಿಟ್ಟಿದ್ದೇನೆ. ಚಾಸಿಗೆ ಎಲ್ಲೂ ಗರಗಸ ಹಾಕಿಲ್ಲ. ಎಂಜಿನ್ ಬದಲಿಸಿದ್ದನ್ನು ಆರ್‌ಟಿಒಗೆ ತಿಳಿಸಿ, ರಸೀದಿ ತೋರಿಸಿ, ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಿದ್ದೇನೆ.

ಕಳೆದ ದಸರೆಗೆ ಮಾವ ಬಂದಿದ್ದರು. ಗೇರ್ ಲಿವರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರು. ಯೆಜ್ಡಿಯಲ್ಲಿ ಅದೇ ಕಿಕ್ಕರ್ ಕೂಡ. ಅವರ ಕಾಲಿಗೆ ಅದು ಮರೆತಿರಲಿಲ್ಲ. ಎರಡನೇ ಕಿಕ್ಕಿಗೆ ಗಾಡಿ ಎದ್ದಿತು.

ವಿರೋಧ: ಆ ರೋಡ್‌ಕಿಂಗ್ ಈಗ ಎಲ್ಲಿದೆ?

ಮೇಲಿನದನ್ನು ಬರೆದವನು ನನ್ನ ಗೆಳೆಯ. ಅವನ ಗಾಡಿಗೆ ಎಂಜಿನ್ ಕೂರಿಸುವ ದಿನ ಒಂದು ಕಡೆ ಹಿಡಿದುಕೊಂಡವನು ನಾನು. ಅವನ ಕೈಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಆದರೂ ಈ ದಾರಿ ಬೇಡ ಅಂತಲೇ ಹೇಳುತ್ತೇನೆ.

ಟ್ಯಾಂಕು ಹಾಸನದ್ದು, ರೋಡ್‌ಕಿಂಗ್ ಗಾಡಿಯದು ಅಂತ ಬರೆದಿದ್ದಾನೆ. ಸರಿ, ಆ ರೋಡ್‌ಕಿಂಗ್ ಈಗ ಎಲ್ಲಿದೆ? ಟ್ಯಾಂಕು ಇಲ್ಲದ ಗಾಡಿಯನ್ನು ಯಾರು ಉಳಿಸಿಕೊಳ್ಳುತ್ತಾರೆ? ಅದು ತೂಕಕ್ಕೆ ಹೋಗಿರುತ್ತದೆ. ಒಂದು ಎದ್ದು ನಿಂತದ್ದು ನಮಗೆ ಕಾಣುತ್ತದೆ. ಅದಕ್ಕಾಗಿ ಮಲಗಿದ ಎರಡು ಕಾಣುವುದಿಲ್ಲ.

ಒಮ್ಮೆ ಗುಜರಿಯಲ್ಲಿ ನನ್ನ ಕಣ್ಣೆದುರೇ ಒಂದು ಗಾಡಿ ಬಿಚ್ಚಿದರು. ಓಡುವ ಗಾಡಿ. ಮಾರಿದವರು ಅದನ್ನು ಓಡಿಸಿಕೊಂಡೇ ಬಂದಿದ್ದರು. ಇಡೀ ಗಾಡಿಗೆ ಗಿರಾಕಿ ಒಬ್ಬನೇ ಬರುತ್ತಾನೆ, ಬಿಡಿ ಸಾಮಾನಿಗೆ ಹತ್ತು ಜನ ಬರುತ್ತಾರೆ. ಟ್ಯಾಂಕು, ಡೂಮು, ಚಕ್ರ, ಎಂಜಿನ್ ಬೇರೆ ಬೇರೆ ಮಾರಿದರೆ ದುಡ್ಡು ಜಾಸ್ತಿ. ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಎಂಟು ರಾಶಿ ಇದ್ದವು. ಕಸ್ಟಮ್ ಗಾಡಿಯ ಆಸೆ ಹೆಚ್ಚಿದಷ್ಟೂ ಈ ವ್ಯಾಪಾರ ಹೆಚ್ಚುತ್ತದೆ.

ಟ್ರೈಟನ್ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಆಗ ನಾರ್ಟನ್ ಕಾರ್ಖಾನೆ ನಡೆಯುತ್ತಿತ್ತು, ಟ್ರಯಂಫ್ ಕಾರ್ಖಾನೆಯೂ ನಡೆಯುತ್ತಿತ್ತು. ಒಂದು ಬಿಚ್ಚಿದರೆ ಇನ್ನೊಂದು ಬರುತ್ತಿತ್ತು. ಯಾದವಗಿರಿಯ ಆ ಕಾರ್ಖಾನೆಯಿಂದ ಇನ್ನು ಒಂದು ಗಾಡಿಯೂ ಬರುವುದಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದವು, ನಿಜ. ಅವು ಫೋರ್ ಸ್ಟ್ರೋಕ್ ಗಾಡಿಗಳು, ಬೇರೆಯೇ ಎಂಜಿನ್. ಅವುಗಳ ಸಾಮಾನು ಇವಕ್ಕೆ ಆಗದು.

ಬದಲಿಸುವ ಆಸೆ ನನಗೆ ಗೊತ್ತಿಲ್ಲದ್ದಲ್ಲ. ನಮ್ಮಪ್ಪನ ಜಾವಾ 1972ರದು. ಅವರು ಹೋದ ಮೇಲೆ ನನ್ನ ಕೈಗೆ ಬಂತು. ಪೆಟ್ರೋಲಿಗೆ ಗಾಳಿ ಬೆರೆಸುವ ಅದರ ಜಿಕೋವ್ ಕಾರ್ಬ್ಯುರೇಟರ್ ಸದಾ ಪೆಟ್ರೋಲು ಸುರಿಸುತ್ತಿತ್ತು. ತಾಳ್ಮೆ ಇರಲಿಲ್ಲ ಆಗ. ಬೇರೆ ಗಾಡಿಯದೊಂದು ತಂದು ಹಾಕಿಸಿ ಜಿಕೋವನ್ನು ಗುಜರಿಗೆ ಕೊಟ್ಟೆ. ಗಾಡಿ ಓಡಿತು. ಆದರೆ ಆ ಸದ್ದು ಹೋಯಿತು. ಅಪ್ಪ ಕೆಲಸದಿಂದ ಬರುವಾಗ ಬೀದಿ ಕೊನೆಯಲ್ಲೇ ಗೊತ್ತಾಗುತ್ತಿದ್ದ ನಿಧಾನದ ಸದ್ದು, ಖಾಲಿ ಓಟದಲ್ಲಿ ಒಂದು ಹೊಡೆತ ಬಿಟ್ಟು ಒಂದು ಹೊಡೆತ. ಅಮ್ಮ ಒಳಗಿನಿಂದಲೇ "ಯಾರದು ಬಂದಿದ್ದು?" ಅಂತ ಕೇಳಿದರು. ಅವತ್ತಿನಿಂದ ಆ ಕಾರ್ಬ್ಯುರೇಟರ್ ಹುಡುಕಲು ಶುರು ಮಾಡಿ, ಅಂಥದೇ ಇನ್ನೊಂದು ಸಿಗಲು ನಾಲ್ಕು ವರ್ಷವಾಯಿತು. ನಾನು ಕೊಟ್ಟದ್ದು ಸಿಗಲೇ ಇಲ್ಲ.

ಎಂಜಿನ್ ವಿಷಯದಲ್ಲಿ ಇನ್ನೂ ಒಂದು ತೊಂದರೆ ಇದೆ. ಕ್ರ್ಯಾಂಕ್ ಕೇಸಿನ (ಕ್ರ್ಯಾಂಕ್ ಇರುವ ಗೂಡಿನ) ಎರಡು ಹೋಳುಗಳನ್ನು ಜೋಡಿಸಿಟ್ಟು ಬೇರಿಂಗ್ ಕೂರುವ ಜಾಗ ಕಡೆದಿರುತ್ತಾರೆ. ಅವು ಹುಟ್ಟಿನಿಂದ ಜೋಡಿ. ಒಂದು ಹೋಳು ಒಡೆದಿದೆ ಅಂತ ಬೇರೆ ಎಂಜಿನ್ನಿನ ಹೋಳು ತಂದು ಸೇರಿಸಿದರೆ ಬೋಲ್ಟು ಕೂರುತ್ತದೆ, ನೋಡಲು ಚೆನ್ನಾಗೇ ಇರುತ್ತದೆ. ಆದರೆ ಬೇರಿಂಗುಗಳು ಒಂದೇ ನೇರದಲ್ಲಿ ಇರುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಸಾಕು, ಸೀಲು ಬೇಗ ಸವೆಯುತ್ತದೆ, ಕ್ರ್ಯಾಂಕ್ ಅದುರುತ್ತದೆ. ಗೆಳೆಯನ ಎಂಜಿನ್ನಿನಲ್ಲಿ ಸೀಲು ಯಾಕೆ ಹೋಯಿತು? ಎರಡು ಹೋಳುಗಳ ನಂಬರ್ ಒಂದೇನಾ ಅಂತ ಅವನು ನೋಡಿದ್ದಾನಾ? ಗುಜರಿಯಲ್ಲಿ ಎಂಜಿನ್ ಕೊಳ್ಳುವವರು ಮೊದಲು ಅದನ್ನೇ ನೋಡಬೇಕು. ನಂಬರ್ ಉಜ್ಜಿ ಮತ್ತೆ ಹೊಡೆದ ಗುರುತಿದ್ದರೆ ಮುಟ್ಟಲೇಬಾರದು. ಅದು ಯಾರ ಮನೆಯಿಂದ ಕದ್ದದ್ದೋ.

ಇನ್ನು ಆ ಫೋರ್ಕ್. ಡಿಸ್ಕ್ ಬ್ರೇಕ್ ಒಳ್ಳೆಯದು ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಬ್ರೇಕ್ ಹಿಡಿದಾಗಿನ ಜಗ್ಗಾಟವೆಲ್ಲ ಬೀಳುವುದು ಚಾಸಿಯ ತಲೆಯ ಮೇಲೆ. ಆ ಚಾಸಿಯನ್ನು ಡ್ರಮ್ ಬ್ರೇಕಿಗೆ ಅಂತ ಮಾಡಿದ್ದರು, ಅದರ ಮೇಲೆ ಹದಿನೆಂಟು ವರ್ಷ ಕೊಟ್ಟಿಗೆಯ ತೇವ ಕುಡಿದಿದೆ. ಫೋರ್ಕಿನ ಉದ್ದ ಬೇರೆಯಾದರೆ ಅದು ನಿಲ್ಲುವ ಓರೆಯೂ ಬದಲಾಗುತ್ತದೆ. ಓರೆ ಬದಲಾದರೆ ಹ್ಯಾಂಡಲಿನ ಗುಣವೇ ಬೇರೆ. ಅವನು ಬರೆಯದ ಒಂದು ಮಾತಿದೆ. ಎಪ್ಪತ್ತು ದಾಟಿದರೆ ಆ ಗಾಡಿಯ ಹ್ಯಾಂಡಲ್ ಸಣ್ಣಗೆ ಅಲ್ಲಾಡುತ್ತದೆ. ಓಡಿಸಿ ನೋಡಿಯೇ ಹೇಳುತ್ತಿದ್ದೇನೆ. ಹೆಂಡತಿಯ ಕ್ಷೇಮಕ್ಕೆ ಅಂತ ಹಾಕಿಸಿದ ಫೋರ್ಕ್ ಇದು. ಡ್ರಮ್ಮನ್ನು ಲೇತಿನಲ್ಲಿ ಸರಿ ಮಾಡಿಸಿ ಹೊಸ ಲೈನರ್ ಹಾಕಿಸಿದ್ದರೆ ಬೆಟ್ಟ ನಿಧಾನವಾಗಿ ಇಳಿಯಬಹುದಿತ್ತು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಎಂಜಿನ್ ನಂಬರ್ ಬರೆಸಿ ಅವನು ಒಳ್ಳೆಯದು ಮಾಡಿದ. ಫೋರ್ಕಿಗೆ ಯಾವ ಕಾಗದವಿದೆ?

ನನಗೆ ದಂಡಕ್ಕಿಂತ ಹೆಚ್ಚು ಕಾಡುವುದು 2021ರ ವಿಂಟೇಜ್ ನಿಯಮ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಗಾಡಿಗೆ ಈಗ ಬೇರೆ ನೋಂದಣಿ ಉಂಟು. ಆದರೆ ಅದು ಮೂಲ ರೂಪದಲ್ಲೇ ಇರಬೇಕು. ಚಾಸಿಯನ್ನೋ ಎಂಜಿನ್ನನ್ನೋ ಬದಲಿಸಿದ್ದರೆ ಆಗುವುದಿಲ್ಲ. ಮೈಸೂರಿನ ಮೊದಲ ಜಾವಾಗಳೆಲ್ಲ ಈ ವಯಸ್ಸು ದಾಟಿವೆ. ನಮ್ಮಪ್ಪನದೂ ದಾಟಿದೆ. ಗೆಳೆಯನ ಗಾಡಿ 2036ಕ್ಕೆ ಐವತ್ತಕ್ಕೆ ಬರುತ್ತದೆ. ಅವತ್ತು ಅದು ಯಾವ ಸಾಲಿನಲ್ಲಿ ನಿಲ್ಲಬೇಕು?

ಬೆರಕೆ ಎಲ್ಲ ಗಾಡಿಯಲ್ಲೂ ಇದೆ ಅನ್ನುತ್ತಾನೆ. ಒಪ್ಪುತ್ತೇನೆ. ಸವೆದ ಪಿಸ್ಟನ್ ಬದಲಿಸುವುದು ಬೇರೆ, ಗಾಡಿಯ ಮುಖ ಬದಲಿಸುವುದು ಬೇರೆ. ಮೊದಲನೆಯದು ಅದನ್ನು ಉಳಿಸುವ ಕೆಲಸ. ಕೊಟ್ಟಿಗೆಯ ಆ ಚಾಸಿಗೆ ಯೆಜ್ಡಿ ಎಂಜಿನ್ನೇ ಹಾಕಿದ, ಸರಿ. ಅಲ್ಲಿಗೆ ನಿಲ್ಲಿಸಬಹುದಿತ್ತು.

ಹಳೆ ಫೋರ್ಕ್ ತೆಗೆದಿಟ್ಟಿದ್ದೇನೆ ಅಂತ ಬರೆದಿದ್ದಾನಲ್ಲ, ಅದು ಇರುವುದು ನಮ್ಮ ಮನೆಯ ಅಟ್ಟದಲ್ಲಿ. ಅವನ ಮನೆಯಲ್ಲಿ ಜಾಗ ಇರಲಿಲ್ಲ. ಎಣ್ಣೆ ಹಚ್ಚಿ, ಗೋಣಿಚೀಲ ಸುತ್ತಿ ಇಟ್ಟಿದ್ದೇನೆ. ಮಳೆಗಾಲ ಮುಗಿದಾಗೊಮ್ಮೆ ಬಿಚ್ಚಿ ನೋಡಿ ಮತ್ತೆ ಎಣ್ಣೆ ಹಚ್ಚುತ್ತೇನೆ. ಅದರ ಕೋನ್ ಸೆಟ್ ಕೂಡ ಒಂದು ಡಬ್ಬಿಯಲ್ಲಿ ಪಕ್ಕದಲ್ಲೇ ಇದೆ.