ಆಜ್ಞೆ ಮೀರುವ ನಾಯಿ ನಮಗೇಕೆ?

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮತ್ತು ಮೊಮ್ಮಗಳಿಗೆ ಶಕ್ತಿ ಯೋಜನೆಯಡಿ ಶೂನ್ಯ ಟಿಕೆಟ್ ಕೊಟ್ಟು, ಅವರ ನಾಲ್ಕು ಗಿಳಿಗಳಿಂದ ಮಾತ್ರ 444 ರೂಪಾಯಿ ವಸೂಲು ಮಾಡಿದ 2024ರ ಆ ನಿರ್ವಾಹಕರನ್ನು ನಾಡು ಮರೆತಿರಬಹುದು, ನಾನಂತೂ ಮರೆತಿಲ್ಲ. ದೃಷ್ಟಿಹೀನರೊಬ್ಬರು ಮಾರ್ಗದರ್ಶಿ ನಾಯಿಯೊಂದಿಗೆ ಬೆಳಗಾವಿಯಲ್ಲಿ ಬಾಗಲಕೋಟೆಯ ಬಸ್ಸು ಹತ್ತುವುದನ್ನು ಊಹಿಸಿಕೊಂಡಾಗಲೆಲ್ಲ ನನ್ನ ಕಣ್ಣ ಮುಂದೆ ಆ ಗಿಳಿಗಳೇ ಹಾರಾಡುತ್ತವೆ. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯಡಿ ಅಂಗಡಿ, ಹೋಟೆಲಿನವರು ಅಂಥ ನಾಯಿಯ ಬಗ್ಗೆ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಇದು ಬೇಕೆ, ಯಾವ ಕೆಲಸಕ್ಕೆ ಇದನ್ನು ಪಳಗಿಸಲಾಗಿದೆ? ಕಾಗದಪತ್ರ ಕೇಳುವಂತಿಲ್ಲ. ನಮ್ಮಲ್ಲಿಯೂ ಪ್ರಶ್ನೆಗಳು ಎರಡೇ: "ಕಡಿತೈತೇನ್ರೀ?", "ಗಂಡೋ, ಹೆಣ್ಣೋ?" ಎರಡನೆಯದನ್ನು ಹಗುರವಾಗಿ ಕಾಣಬಾರದು, ಹೆಣ್ಣಾಗಿದ್ದರೆ ಉಚಿತ ಪ್ರಯಾಣದ ಪ್ರಶ್ನೆ ಏಳುತ್ತದೆ, ಆಧಾರ್ ಕಾರ್ಡಿಗಾಗಿ ಹುಡುಕಾಟ ನಡೆಯುತ್ತದೆ.

ಹಾಗೆಂದು ನಾಯಿಯನ್ನು ಕಂಡರಾಗದ ಸೀಮೆ ನಮ್ಮದಲ್ಲ. ಮೈಲಾರಲಿಂಗನ ಗೊರವಯ್ಯಗಳು ನಾಯಿಯಂತೆ ಬೊಗಳುತ್ತ ದೋಣಿ ಎಂಬ ಪಾತ್ರೆಯ ಪ್ರಸಾದಕ್ಕೆ ಬಾಯಿ ಹಾಕಿದರೆ ಕೈಮುಗಿಯುವ ಜನ ನಾವು. ಮುಧೋಳದ ನಾಯಿಯಂತೂ 2005ರಲ್ಲಿ ಅಂಚೆಚೀಟಿ ಏರಿತು, ಸೇನೆಯ ತರಬೇತಿಗಾಗಿ ಮೀರತ್ತಿಗೆ ಹೋಯಿತು, 2020ರಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಲ್ಲಿ ಹೊಗಳಿಸಿಕೊಂಡಿತು. ನಾಳೆ ಮಾರ್ಗದರ್ಶಿ ನಾಯಿಯ ಮಾತು ಬಂದರೆ ಆ ಹುದ್ದೆಯನ್ನು ಸ್ಥಳೀಯರಿಗೇ, ಅಂದರೆ ಮುಧೋಳ ತಳಿಗೇ ಮೀಸಲಿಡಬೇಕೆಂದು ಮನವಿಪತ್ರ ಸಲ್ಲಿಕೆಯಾಗುವುದು ಖಚಿತ. ಕಣ್ಣಿಗೆ ಬಿದ್ದ ಮೊಲದ ಬೆನ್ನು ಹತ್ತುವುದೇ ಆ ತಳಿಯ ಹುಟ್ಟುಗುಣವಾದ್ದರಿಂದ, ಅದರ ಪಟ್ಟಿ ಹಿಡಿದು ಲೋಕಾಪುರದಲ್ಲಿ ಚಹಾಕ್ಕೆಂದು ಇಳಿದವರು ಯಾದವಾಡದ ಕಬ್ಬಿನ ಹೊಲದಲ್ಲಿ ಸಿಕ್ಕಾರು. ಆದರೆ ಸನ್ಮಾನ ಸಮಾರಂಭಕ್ಕೆ ಅದರಿಂದೇನೂ ಅಡ್ಡಿಯಿಲ್ಲ. ಶಾಲು ನಾಯಿಗೋ ಯಜಮಾನರಿಗೋ ಎಂಬುದಷ್ಟೇ ತೀರ್ಮಾನವಾಗಬೇಕು.

ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಇಂಥ ನಾಯಿಗಳ ಶಾಲೆ ತೆರೆಯಿತು. ಇಂದು ಹೆಚ್ಚಾಗಿ ಲ್ಯಾಬ್ರಡಾರ್‌ಗಳು ಕಲಿಯುವ ಈ ವಿದ್ಯೆಯಲ್ಲಿ ನನಗೆ ಅತಿ ಸೋಜಿಗವೆನಿಸುವುದು ಅವಿಧೇಯತೆಯ ಪಾಠ. ಯಜಮಾನರು "ಮುಂದೆ ನಡೆ" ಎಂದರೂ ಎದುರಿಗೆ ವಾಹನ ಬರುತ್ತಿದ್ದರೆ, ಮುಂದೆ ಗುಂಡಿಯಿದ್ದರೆ, ಆ ನಾಯಿ ಹೆಜ್ಜೆ ಕೀಳುವುದಿಲ್ಲ. ತಪ್ಪು ಆಜ್ಞೆಯನ್ನು ಮೀರುವುದಕ್ಕೂ ಅದಕ್ಕೆ ತರಬೇತಿ ಇರುತ್ತದೆ! ನಮ್ಮ ಕಚೇರಿಗಳಲ್ಲಿ ಈ ತಳಿಯಿಲ್ಲ. ಇದ್ದಿದ್ದರೆ, ದೃಷ್ಟಿಹೀನರ ಪಾದಕ್ಕೆ ದಾರಿ ತಿಳಿಯಲೆಂದು ಜಪಾನಿನವರು 1960ರ ದಶಕದಲ್ಲಿ ರೂಪಿಸಿದ ಹಳದಿ ಹಾಸುಬಿಲ್ಲೆಗಳನ್ನು ನೇರವಾಗಿ ವಿದ್ಯುತ್ ಕಂಬದ ಬುಡಕ್ಕೆ ಒಯ್ದು ಮುಗಿಸಿ, ಮೇಲೆ ಬಿಲ್ಲನ್ನೂ ಬರೆಯಿರಿ ಎಂದಾಗ ಯಾರಾದರೊಬ್ಬರು "ಒಲ್ಲೆರೀ ಸಾಹೇಬ್ರ" ಎನ್ನುತ್ತಿದ್ದರು. ಯಾರೂ ಎನ್ನಲಿಲ್ಲ.

ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ಬೆಳಗಾವಿಯ ಹೆಸರು ಬಂದದ್ದು 2016ರ ಜನವರಿಯಲ್ಲಿ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳೆಲ್ಲ, ಕಾಯ್ದೆಯ ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಅಂಗವಿಕಲರಿಗೆ ತೆರೆದಿರಬೇಕೆಂದು ಅದು ಹೇಳಿತು; ಆ ಗಡುವು 2022ರಲ್ಲೇ ಕಳೆದುಹೋಯಿತು. ಇಂದಿಗೂ ಗಾಲಿಕುರ್ಚಿಯಲ್ಲಿ ಬಂದವನನ್ನು ಮಹಡಿಗೆ ಕರೆಯುತ್ತಾರೆ. ಇಬ್ಬರು ಅವನನ್ನು ಎತ್ತಿಕೊಂಡು ಹೋಗುವಾಗ ಮೂರನೆಯವನು ಫೋಟೊ ತೆಗೆದು ಮಾನವೀಯತೆ ಎಂದು ಹಂಚುತ್ತಾನೆ. ಅದು ಮಾನವೀಯತೆಯಲ್ಲ, ಕಾನೂನನ್ನು ಮುರಿದದ್ದಕ್ಕೆ ಸಾಕ್ಷಿ. ಇದನ್ನು ಎಷ್ಟು ಸಲ ಬರೆಯುವುದು?

ದೂರದಿಂದ ಒಂದು ಮಾರ್ಗದರ್ಶಿ ನಾಯಿಯನ್ನು ತಂದು ಚನ್ನಮ್ಮ ವೃತ್ತದಲ್ಲಿ ನಿಲ್ಲಿಸಿದರೆ, ಪಾದಚಾರಿ ಮಾರ್ಗದ ಮೇಲಿನ ಬೈಕುಗಳನ್ನೂ ಬಂಡಿಗಳನ್ನೂ ಬೀದಿನಾಯಿಗಳ ಹಿಂಡನ್ನೂ ನೋಡಿ ಅದು ಕುಳಿತುಬಿಡುತ್ತದೆ. ಯಜಮಾನರು ಎಷ್ಟು ಹೇಳಿದರೂ ಏಳುವುದಿಲ್ಲ. ನಾಯಿಗೆ ತರಬೇತಿ ಸಾಲದು ಎಂದು ನಮ್ಮವರು ಸ್ಥಳದಲ್ಲೇ ವರದಿ ಬರೆದುಕೊಳ್ಳುತ್ತಾರೆ.