ಖಾರಾಬಾತ್ ಎಂದರೆ ಖಾರವಾದ ಬಾತ್

ಲಂಡನ್ನಿನ ಒಂದು ಜ್ಯೂರಿ, ಅಂದರೆ ತಪ್ಪಿತಸ್ಥರೋ ಅಲ್ಲವೋ ಎಂದು ತೀರ್ಮಾನಿಸಲು ಕೂರಿಸಿದ ಸಾಮಾನ್ಯ ಜನರ ತಂಡ, ನ್ಯಾಯಾಧೀಶರಿಗೆ ಕೇಳಿದ್ದ ಹತ್ತು ಪ್ರಶ್ನೆಗಳು ಈ ವಾರ ಮತ್ತೆ ನನ್ನ ಮೊಬೈಲಿಗೆ ಬಂದು ಬಿದ್ದಿವೆ. ಕಳಿಸಿದವರು ವಕೀಲ ಮಿತ್ರರು. ಕೆಳಗೆ ನಗುವ ಮುಖಗಳ ಸಾಲು. 2013ರ ಫೆಬ್ರವರಿ, ಸದರ್ಕ್ ನ್ಯಾಯಾಲಯ. ಬ್ರಿಟನ್ನಿನಲ್ಲಿ ಮಂತ್ರಿಯಾಗಿದ್ದ ಕ್ರಿಸ್ ಹ್ಯೂನ್ ಅವರ ಮಾಜಿ ಪತ್ನಿ ವಿಕಿ ಪ್ರೈಸ್, ಹಿಂದೊಮ್ಮೆ ಗಂಡನ ಕಾರಿನ ಅತಿವೇಗದ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡದ್ದರ ವಿಚಾರಣೆ. ಹನ್ನೆರಡು ಜನ ಒಳಗೆ ಕುಳಿತು ಚೀಟಿ ಬರೆದು ಕೇಳಿದರು: ನ್ಯಾಯಾಲಯದಲ್ಲಿ ಯಾರೂ ಹೇಳದ, ಸಾಕ್ಷ್ಯವೂ ಇಲ್ಲದ ಕಾರಣ ಹಿಡಿದು ತೀರ್ಪು ಕೊಡಬಹುದೇ? ನಾನೂ ನಕ್ಕೆ. ಆಮೇಲೆ ನೆನಪಾಯಿತು, ನಮ್ಮ ಟೀವಿಯವರು ದಿನಾ ರಾತ್ರಿ ಒಂಬತ್ತಕ್ಕೆ ಹಾಗೆಯೇ ತೀರ್ಪು ಕೊಡುತ್ತಾರೆ. ಪಾಪ, ಇವರು ಕೇಳಿಯಾದರೂ ಕೇಳಿದರು.

ಸಮಂಜಸ ಸಂಶಯ ಉಳಿದರೆ ಆರೋಪಿಯನ್ನು ತಪ್ಪಿತಸ್ಥ ಎನ್ನುವಂತಿಲ್ಲ. ಅದಕ್ಕೇ ಇನ್ನೊಂದು ಚೀಟಿ: ಸಮಂಜಸ ಸಂಶಯ ಎಂದರೇನು? ನ್ಯಾಯಾಧೀಶರ ಉತ್ತರ: ಸಮಂಜಸವಾದ ಸಂಶಯವೇ ಸಮಂಜಸ ಸಂಶಯ. ಇವು ಸಾಮಾನ್ಯ ಇಂಗ್ಲಿಷ್ ಪದಗಳು. ಬರೆದುಕೊಟ್ಟದ್ದಕ್ಕಿಂತ ಹೆಚ್ಚಿಗೆ ನೆರವಾಗಲು ಕಾನೂನು ಬಿಡುವುದಿಲ್ಲ.

ಆಹಾ! ಹೋಟೆಲಿನಲ್ಲಿ ಖಾರಾಬಾತ್ ಎಂದರೇನಪ್ಪಾ ಎಂದು ಕೇಳಿದ ಪರದೇಶಿಗೆ, ಖಾರವಾದ ಬಾತ್, ಇದಕ್ಕಿಂತ ಹೆಚ್ಚು ಹೇಳಲು ಯಜಮಾನರ ಅಪ್ಪಣೆಯಿಲ್ಲ ಎಂದ ಹಾಗೆ. ಅವನು ಅನ್ನ ಬರುತ್ತದೆಂದು ಕಾಯುತ್ತಾನೆ, ಬರುವುದು ರವೆ. ನ್ಯಾಯಾಧೀಶರನ್ನು ಬೈದು ಪ್ರಯೋಜನವಿಲ್ಲ. ವಿವರಿಸಹೊರಟರೆ ಆ ವಿವರಣೆಯೇ ತಪ್ಪೆಂದು ಮೇಲಿನ ಕೋರ್ಟಿನಲ್ಲಿ ತೀರ್ಪು ಮಗುಚಿಕೊಳ್ಳುತ್ತದೆ. ಬಾಯಿ ಮುಚ್ಚಿಕೊಂಡರೆ ಕ್ಷೇಮ. ಹಾಗಾಗಿ ತಿಳಿವಳಿಕೆಯಲ್ಲೇ ಮೂಲಭೂತ ಕೊರತೆಯಿದೆ ಎಂದು ಹೇಳಿ ಹನ್ನೆರಡೂ ಜನರನ್ನು ಮನೆಗೆ ಕಳಿಸಿದರು. ಕೊರತೆ ಕೇಳಿದವರದು, ಗೊತ್ತಾಯಿತಲ್ಲ.

ನಗುವ ಮಿತ್ರರು ನಮ್ಮ ಕ್ರಯಪತ್ರಗಳನ್ನೂ ಓದಬೇಕು. ಕಳೆದ ತಿಂಗಳು ಒಂದಕ್ಕೆ ಸಾಕ್ಷಿ ಹಾಕಲು ಹೋಗಿದ್ದೆ. ಮೂವತ್ತು ನಲವತ್ತರ ಸೈಟು. ಅದರ ಜೊತೆಗೆ ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯಗಳೆಂಬ ಅಷ್ಟಭೋಗಗಳೂ ಕೈ ಬದಲಾದವು. ಅಕ್ಷೀಣಿ ಎಂದರೇನು ಎಂದು ಪತ್ರ ಬರೆದವರನ್ನು ಕೇಳಿದೆ. “ಅದು ಹಾಗೇ ಬರುತ್ತದೆ” ಎಂದರು. ಕೊಂಡವನು ಈಗ ಬೋರ್‌ವೆಲ್ ಕೊರೆಸುತ್ತಿದ್ದಾನೆ. ಜಲ ಇನ್ನೂ ಸಿಕ್ಕಿಲ್ಲ, ಪಾಷಾಣ ಧಾರಾಳವಾಗಿ ಸಿಕ್ಕಿದೆ.

ಕ್ಯಾಲಿಫೋರ್ನಿಯಾದವರು ಮಾತ್ರ, ನ್ಯಾಯಾಧೀಶರು ಜ್ಯೂರಿಗೆ ಕೊಡುವ ಸೂಚನೆಗಳನ್ನು ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದಿಸುವ ಸಾಹಸ ಮಾಡಿದರು. ‘ಮುಗ್ಧ ಅಪಸ್ಮೃತಿಯು ಅಸಾಮಾನ್ಯವೇನಲ್ಲ’ ಎನ್ನುವ ಧಾಟಿಯಲ್ಲಿದ್ದ ಸೂಚನೆ, ‘ಜನ ಎಷ್ಟೋ ಸಲ ಮರೆಯುತ್ತಾರೆ, ನೆನಪಿನಲ್ಲಿ ತಪ್ಪುತ್ತಾರೆ’ ಎಂದಾಯಿತು. ಸಿವಿಲ್ ಸೂಚನೆಗಳು 2003ರಲ್ಲಿ ಬಂದವು, ಕ್ರಿಮಿನಲ್ ಸೂಚನೆಗಳು 2005ರಲ್ಲಿ. ನಮ್ಮಜ್ಜಿ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಸಮಿತಿಗಳು ವರ್ಷಗಟ್ಟಲೆ ಕುಳಿತವು. ಆದರೂ ಸಂಶಯದ ವ್ಯಾಖ್ಯೆಯಲ್ಲಿ ‘ನೆಲೆನಿಂತ ದೃಢನಿಶ್ಚಯ’ ಎಂಬ ಮಾತು ಹಾಗೇ ಉಳಿಯಿತು. 1850ರ ಮಸಾಚುಸೆಟ್ಸ್ ತೀರ್ಪಿನ ಮಡಿಬಟ್ಟೆ, ಮುಟ್ಟುವ ಹಾಗಿಲ್ಲ.

ನಮ್ಮಲ್ಲಿ ಈಗ ಜ್ಯೂರಿಯೇ ಇಲ್ಲ, ಹಾಗಾಗಿ ಈ ರಗಳೆಯೂ ಇಲ್ಲ. 1959ರಲ್ಲಿ, ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ನೌಕಾಧಿಕಾರಿ ನಾನಾವತಿಯ ಮೊಕದ್ದಮೆಯಲ್ಲಿ, ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಮಂದಿ ನಿರ್ದೋಷಿ ಎಂದರು. ನ್ಯಾಯಾಧೀಶರೇ ಜ್ಯೂರಿಗೆ ಸರಿಯಾಗಿ ಹೇಳಿಕೊಡಲಿಲ್ಲ, ಯಾವುದನ್ನು ಯಾರು ರುಜುವಾತು ಮಾಡಬೇಕೆಂದೇ ತಿಳಿಸಲಿಲ್ಲ ಎಂದು ಬಾಂಬೆ ಹೈಕೋರ್ಟ್ ಕಂಡುಕೊಂಡಿತು. ಆದರೆ ಇಂದಿಗೂ ಆ ಕತೆ ಹೇಳುವವರು ಆಡಿಕೊಳ್ಳುವುದು ಜ್ಯೂರಿಯನ್ನೇ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅವರಿಗೆ ಕೂರಲು ಬೆಂಚೂ ಇರಲಿಲ್ಲ.

ನಗುವ ಮುಖಗಳಿಗೆ ಉತ್ತರವಾಗಿ ಮಿತ್ರರಿಗೆ ಬೇರೊಂದು ಚೀಟಿಯ ಕತೆ ಕಳಿಸಿದೆ. ವರ್ಜೀನಿಯಾದ್ದು, ವೀಕ್ಸ್ ಪ್ರಕರಣ. ಕೊಲೆ ಸಾಬೀತಾಗಿತ್ತು, ಶಿಕ್ಷೆ ಬಾಕಿ. ಜ್ಯೂರಿ ಬರೆದು ಕೇಳಿತು: ಅವನ ವಿರುದ್ಧ ಹೇಳಿದ ಕಾರಣಗಳಲ್ಲಿ ಒಂದಾದರೂ ರುಜುವಾತಾದರೆ ಮರಣದಂಡನೆ ಕೊಡುವುದು ನಮ್ಮ ಕರ್ತವ್ಯವೇ, ಅಥವಾ ಜೀವಾವಧಿಯೋ ಮರಣವೋ ಎಂದು ನಾವೇ ನಿರ್ಧರಿಸಬೇಕೇ? ನ್ಯಾಯಾಧೀಶರು ಬೆರಳು ತೋರಿಸಿದ್ದು ಅವರಿಗೆ ಆಗಲೇ ಕೊಟ್ಟಿದ್ದ ಸೂಚನೆಯ ಎರಡನೆಯ ಪ್ಯಾರಾವನ್ನು. ಯಾವುದು ಅರ್ಥವಾಗದೆ ಕೇಳಿದ್ದರೋ ಅದನ್ನೇ. ಎರಡು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ ಅವರು ಮರಣದಂಡನೆ ಹೊತ್ತು ಹೊರಬಂದರು. ಹೆಚ್ಚಿನವರ ಕಣ್ಣಲ್ಲಿ ನೀರಿತ್ತು. 2000ದ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಹೇಳಿತು: ಜ್ಯೂರಿಗೆ ಸೂಚನೆ ಅರ್ಥವಾಗಿದೆ ಎಂದೇ ಭಾವಿಸಬೇಕು. ಮಾರ್ಚ್ ತಿಂಗಳಲ್ಲಿ ಅವನನ್ನು ಕೊಂದರು.

ಕೊಲೆಗಾರನ ಮೇಲೆ ನನಗೆ ಕನಿಕರವೇನೂ ಉಕ್ಕುತ್ತಿಲ್ಲ. ಆದರೆ ಅರ್ಥವಾಗಿಲ್ಲ ಎಂದು ಕೈಯಾರೆ ಬರೆದುಕೊಟ್ಟವರಿಗೆ ಅರ್ಥವಾಗಿದೆ ಎಂದು ಭಾವಿಸುವುದಕ್ಕೆ ಒಂಬತ್ತು ಜನ ವಿದ್ವಾಂಸರು ಯಾಕೆ ಬೇಕಿತ್ತು? ಮರಣದಂಡನೆ ಕಡ್ಡಾಯವೇ ಎಂದು ಕೇಳಿದ್ದರು. ‘ಇಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ಎರಡಕ್ಷರ.