ಭಾವನವರ ಉಸಿರು

ಕಳೆದ ಶನಿವಾರ ಸಂಜೆ ಏಳೂವರೆಗೆ, ಒಂಬತ್ತು ಜನ ನೆಂಟರು ಚುರುಮುರಿಯ ತಟ್ಟೆ ಹಿಡಿದು, ದೀಪ ಆರಿಸಿಕೊಂಡು ಕುಳಿತಿದ್ದಾಗ, ನಮ್ಮ ಹೋಮ್ ಥಿಯೇಟರಿನ ಪರದೆಯ ಮೇಲಿಂದ ಚಿತ್ರ ಮಾಯವಾಗಿ ‘ನೋ ಸಿಗ್ನಲ್’ ಎಂಬ ನೀಲಿ ಚೌಕವೊಂದು ಮೂಲೆಯಿಂದ ಮೂಲೆಗೆ ತೇಲಲಾರಂಭಿಸಿತು. ಧ್ವನಿ ಮಾತ್ರ ಐದೂ ಸ್ಪೀಕರುಗಳಿಂದ ಧಾರಾಳವಾಗಿ ಬರುತ್ತಿತ್ತು. ನಾಯಕಿ ನಮ್ಮ ಬೆನ್ನ ಹಿಂದೆಲ್ಲೋ ಅಳುತ್ತಿದ್ದಳು. ಅವಳನ್ನು ಅಳಿಸುತ್ತಿದ್ದವರು ಯಾರೆಂಬುದು ಯಾರಿಗೂ ಕಾಣಿಸುತ್ತಿರಲಿಲ್ಲ. ‘ಆಕಾಶವಾಣಿ ನಾಟಕದ ಹಾಗೆ ಚೆನ್ನಾಗಿದೆ ಬಿಡೋ’ ಎಂದು ದೊಡ್ಡಮ್ಮ ಸಮಾಧಾನ ಹೇಳಿದರು. ಕಂತಿನ ಮೇಲೆ ತಂದ, ಬಲು ಸೂಕ್ಷ್ಮ ಚಿತ್ರ ತೋರಿಸುವ ಫೋರ್‌ಕೆ ಪ್ರೊಜೆಕ್ಟರಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಾರದು.

ಇಂಥ ಹೊತ್ತಿನಲ್ಲಿ ಮಾಡಬೇಕಾದುದೇನೆಂಬುದು ಈ ಸಾಮಾನುಗಳನ್ನು ಸಾಕಿಕೊಂಡಿರುವ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಎಲ್ಲವನ್ನೂ ಆರಿಸಿ, ಎರಡು ನಿಮಿಷ ಮೌನ ಆಚರಿಸಿ, ಮೊದಲು ಪ್ರೊಜೆಕ್ಟರ್, ಆಮೇಲೆ ಚಿತ್ರವನ್ನು ಪ್ರೊಜೆಕ್ಟರಿಗೂ ಧ್ವನಿಯನ್ನು ಸ್ಪೀಕರುಗಳಿಗೂ ಹಂಚುವ ರಿಸೀವರ್, ಕೊನೆಗೆ ಸೆಟ್‌ಟಾಪ್ ಬಾಕ್ಸ್ ಎಂಬ ಕ್ರಮದಲ್ಲಿ ಮತ್ತೆ ಹಚ್ಚಬೇಕು. ನಾನು ಅದಕ್ಕೆಂದು ಬಗ್ಗಿದ್ದೆನಷ್ಟೇ, ಸೋಫಾದಿಂದ ‘ತಡಿಯಯ್ಯಾ, ಅದನ್ನು ಊದಬೇಕು’ ಎಂಬ ಆದೇಶ ಹೊರಬಿತ್ತು.

ಭಾವನವರಿಗೆ, ಅಂದರೆ ಅಕ್ಕನ ಯಜಮಾನರಿಗೆ, ಊದುವುದರಲ್ಲಿ ಅಚಲವಾದ ನಂಬಿಕೆ. ಟಾರ್ಚು, ರಿಮೋಟು, ಗ್ಯಾಸ್ ಲೈಟರು, ಮೊಬೈಲಿನ ಸಿಮ್ಮು, ಕೆಟ್ಟಿರುವುದು ಯಾವುದೇ ಇರಲಿ, ಅದನ್ನು ಬಾಯಿಯ ಬಳಿ ತಂದು, ಕಣ್ಣು ಮುಚ್ಚಿ, ಮೂರು ಸಲ ಊದುತ್ತಾರೆ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರೆಂಬ ಕಾರಣಕ್ಕೆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ಅಲ್ಲಿ ಅವರು ಮೂವತ್ತು ವರ್ಷ ಸಂಬಳದ ಬಿಲ್ಲು ಬರೆಯುತ್ತಿದ್ದರೆಂಬುದನ್ನು ನೆನಪಿಸುವ ಧೈರ್ಯ ನನಗಿಲ್ಲ.

ರಿಸೀವರಿನ ಕಡೆ ಊದಿದ್ದು ಫಲಿಸದೆ ಹೋದಾಗ ಅವರ ದೃಷ್ಟಿ ಚಾವಣಿಯ ಪ್ರೊಜೆಕ್ಟರಿನತ್ತ ಹೊರಳಿತು. ಊಟದ ಮೇಜನ್ನು ಎಳೆದು ಅದರ ಮೇಲೆ ಸ್ಟೂಲು ಇಡಲಾಯಿತು. ಸುರಕ್ಷತೆಯ ದೃಷ್ಟಿಯಿಂದ ಫ್ಯಾನು ಆರಿಸಿದ್ದರಿಂದ ಒಂಬತ್ತೂ ಜನ ಚುರುಮುರಿಯ ತಟ್ಟೆಗಳಿಂದಲೇ ಗಾಳಿ ಹಾಕಿಕೊಳ್ಳತೊಡಗಿದರು. ನಾನು ಸ್ಟೂಲಿನ ಕಾಲು ಹಿಡಿದೆ, ಅಕ್ಕ ಪಂಚೆಯ ಅಂಚು ಹಿಡಿದಳು. ‘ಬಾಯಲ್ಲಿರೋದನ್ನು ಉಗಿದಾದರೂ ಹತ್ತಬಾರದೇ’ ಎಂದು ಅವಳು ಹೇಳಿದ್ದು, ಎಲೆಯಡಿಕೆ ತುಂಬಿದ ಕೆನ್ನೆಯವರ ಕಿವಿಗೆ ಬೀಳಲಿಲ್ಲ. ಮೊದಲ ಸಲ ಊದಿದಾಗ ಎರಡು ವರ್ಷದ ದೂಳು ಎದ್ದು ಅವರದೇ ಮೂಗನ್ನು ಹೊಕ್ಕಿತು. ಎರಡನೆಯ ಸಲ ಊದಲು ತೆಗೆದ ಉಸಿರು ಸೀನಾಗಿ ಸಿಡಿಯಿತು. ಜೊತೆಗೆ ಹೊರಟ ಕೆಂಪು ಹನಿಗಳು ಪುಣ್ಯವಶಾತ್ ಬಿಳಿಯ ಪರದೆಯನ್ನು ಮುಟ್ಟದೆ ನನ್ನ ಅಂಗಿಯಲ್ಲಿ ನೆಲೆಗೊಂಡವು. ಮೂರನೆಯದನ್ನು ಕೈಬಿಟ್ಟು ಅವರು, ಊದಲೆಂದು ಕಿತ್ತಿದ್ದ ಕೇಬಲನ್ನು ಮತ್ತೆ ಒತ್ತಿ ಸಿಕ್ಕಿಸಿದರು. ನಾಯಕಿ ಪ್ರತ್ಯಕ್ಷಳಾದಳು, ಅಷ್ಟರಲ್ಲಿ ಅಳು ಮುಗಿದು ಹಾಡು ಶುರುವಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿಯೂ ತಟ್ಟಿದಳು.

ಊದಿದರೆ ಪಿನ್ನುಗಳಿಗೆ ಎಂಜಲಿನ ತೇವ ತಾಗುವುದೇ ಹೊರತು ಚಿತ್ರ ಬರುವುದಿಲ್ಲವೆಂದು ಯಾರಿಗೆ ಹೇಳುವುದು? ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲಿನಲ್ಲಿ 19 ಪಿನ್ನುಗಳಿವೆ. ಹತ್ತೊಂಬತ್ತನೆಯದರ ಕೆಲಸವೇ ‘ಆ ಕಡೆ ಯಾರೋ ಬಂದಿದ್ದಾರೆ’ ಎಂದು ತಿಳಿಸುವುದು. ಕೇಬಲು ಕಿತ್ತು ಸಿಕ್ಕಿಸಿದೊಡನೆ ಪ್ರೊಜೆಕ್ಟರು ತಾನು ಏನನ್ನು ತೋರಿಸಬಲ್ಲೆನೆಂಬ ಜಾತಕವನ್ನು ಕಳಿಸುತ್ತದೆ, ಈ ಕಡೆಯವರು ಅದನ್ನು ಪರಿಶೀಲಿಸುತ್ತಾರೆ, ಬಳಿಕ ಕಳ್ಳಪ್ರತಿ ಮಾಡುವ ಮನೆತನವಲ್ಲವೆಂದು ಗುಟ್ಟಿನ ಕೀಲಿಗಳ ಮೂಲಕ ಖಾತರಿಪಡಿಸಿಕೊಳ್ಳುತ್ತಾರೆ, ಆಮೇಲಷ್ಟೇ ದರ್ಶನ. ಮುರಿದ ಮಾತುಕತೆಯನ್ನು ಮತ್ತೆ ಕೂಡಿಸಿದ್ದು ಕಿತ್ತು ಸಿಕ್ಕಿಸಿದ ಕ್ರಿಯೆ; ಕೀರ್ತಿ ಮಾತ್ರ ಉಸಿರಿಗೆ.

ನಿಜವಾದ ಕಳ್ಳ ಗೋಡೆಯೊಳಗಿದ್ದಾನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ 10 ಮೀಟರಿನ ತಾಮ್ರದ ಕೇಬಲು ಅದು. ಸೆಕೆಂಡಿಗೆ 60 ಫ್ರೇಮಿನ ಫೋರ್‌ಕೆ ಚಿತ್ರವೆಂದರೆ ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಹೊರೆ. ಅಷ್ಟನ್ನು ಹೊತ್ತುಕೊಂಡು ಅಷ್ಟು ದೂರ ನಡೆಯುವಷ್ಟರಲ್ಲಿ ಬಡ ತಾಮ್ರ ಏದುಸಿರು ಬಿಡುತ್ತದೆ. ಬೆಳಕಿನ ಮೂಲಕ ಸಂಕೇತ ಒಯ್ಯುವ ಆಪ್ಟಿಕಲ್ ಕೇಬಲು ಹಾಕಿಸಬಹುದು, ಆದರೆ ಅದಕ್ಕೆ ತಲೆ ಬುಡಗಳಿವೆ. ತಿರುಗುಮುರುಗಾಗಿ ಎಳೆದರೆ ಏನೂ ಬಾರದು. ನಮ್ಮ ಎಲೆಕ್ಟ್ರಿಷಿಯನ್ನನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ಮಲೆನಾಡಿನ ನಮ್ಮೂರಿನಲ್ಲಿ ಮೊದಲ ಟಿವಿ ಬಂದ ಕಾಲಕ್ಕೆ, ದೂರದರ್ಶನದ ತರಂಗ ನೇರವಾಗಿಯೂ ಗುಡ್ಡಕ್ಕೆ ಬಡಿದು ಒಂದಿಷ್ಟು ತಡವಾಗಿಯೂ ಆಂಟೆನಾ ಸೇರುತ್ತಿದ್ದುದರಿಂದ, ಭಾನುವಾರದ ಪೌರಾಣಿಕ ಧಾರಾವಾಹಿಯಲ್ಲಿ ರಾಮನ ಪಕ್ಕದಲ್ಲೇ ಇನ್ನೊಬ್ಬ ಮಸುಕು ರಾಮ ನಿಂತಿರುತ್ತಿದ್ದ. ಅಪ್ಪ ಇಬ್ಬರಿಗೂ ಕೈಮುಗಿಯುತ್ತಿದ್ದರು. ಆ ಚಿತ್ರಕ್ಕೆ ಕಾಯಿಲೆಯಿರುತ್ತಿತ್ತು, ಆದರೆ ಬರುತ್ತಿತ್ತು. ಈಗಿನದು ನೆಗಡಿಯೂ ಆಗದೆ ನೇರವಾಗಿ ಪ್ರಾಣ ಬಿಡುತ್ತದೆ.

ಭಾನುವಾರ ಬೆಳಿಗ್ಗೆ, ಮನೆಯವರು ಏಳುವ ಮೊದಲೇ, ಬಾಕ್ಸಿನ ಸೆಟ್ಟಿಂಗಿಗೆ ಹೋಗಿ ಫೋರ್‌ಕೆಯನ್ನು 1080 ಸಾಲುಗಳಿಗೆ ಇಳಿಸಿದೆ. ಚಿತ್ರದ ಚುಕ್ಕೆಗಳು ಕಾಲು ಭಾಗಕ್ಕೆ ಇಳಿದವು, ಹೊರೆಯೂ ಇಳಿಯಿತು. ಮಧ್ಯಾಹ್ನದ ಸಿನಿಮಾದಲ್ಲಿ ಚಿತ್ರ ಒಮ್ಮೆಯೂ ಹೋಗಲಿಲ್ಲ. ಭಾವನವರು ಎಲೆಗೆ ಸುಣ್ಣ ಸವರುತ್ತಾ ಪರದೆಯನ್ನು ಬಹಳ ಹೊತ್ತು ಪರೀಕ್ಷಿಸಿ, ‘ಸರಿಯಾಗಿ ಊದಿದ್ದಕ್ಕೆ ಈಗ ನೋಡು, ಮೊದಲಿಗಿಂತ ಕ್ಲಿಯರಾಗಿದೆ’ ಎಂದರು. ಹೌದು ಭಾವ ಎಂದೆ. ಪ್ರೊಜೆಕ್ಟರಿನ ಕಂತು ಇನ್ನೂ ಹದಿನಾಲ್ಕು ಇವೆ.